ಒಂದು ದಿನದ ಪ್ರಸಾರದಲ್ಲಿ ಎಷ್ಟು ಕನ್ನಡಗಳು? ದೂರದರ್ಶನ ಚಂದನದ ದಿನಚರಿ ಮತ್ತು ಉಚ್ಚಂಗಿದುರ್ಗ ಸೀಮೆಯ ನುಡಿ

ಸಾರಾಂಶ

ಸಾರ್ವಜನಿಕ ಪ್ರಸಾರ ಸಂಸ್ಥೆಯೊಂದು ಬೆಳಗಿನಿಂದ ರಾತ್ರಿಯವರೆಗೆ ಬಿತ್ತರಿಸುವ ವಾರ್ತೆ, ಸಂದರ್ಶನ, ಪಾಠ, ಕೃಷಿ ಸಲಹೆ, ರಸಪ್ರಶ್ನೆ ಮತ್ತು ಧಾರಾವಾಹಿಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ಭಾಷಿಕ ಘಟಕವಾಗಿ ನೋಡಿದರೆ ಏನು ಕಾಣುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ದೂರದರ್ಶನದ ಕನ್ನಡ ವಾಹಿನಿ ಚಂದನವನ್ನು ಉದಾಹರಣೆಯಾಗಿಯೂ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಮತ್ತು ಅದರ ಸುತ್ತಲಿನ ಸೀಮೆಯನ್ನು ನೋಡುವ ನೆಲೆಯಾಗಿಯೂ ಇರಿಸಿಕೊಂಡಿದ್ದೇವೆ. ಪ್ರಸಾರದ ಕನ್ನಡವು ಗ್ರಾಂಥಿಕ ಮತ್ತು ಆಡುನುಡಿ ಎಂಬ ಒಂದೇ ಏಣಿಯ ಮೇಲೆ ನಿಂತಿಲ್ಲ. ಬಳಕೆಗೆ ತಕ್ಕ ಭೇದ ಮತ್ತು ಪ್ರದೇಶಕ್ಕೆ ತಕ್ಕ ಭೇದ ಎಂಬ ಎರಡು ಅಕ್ಷಗಳ ಮೇಲೆ ಅದು ಚಲಿಸುತ್ತದೆ ಎಂಬುದು ನಮ್ಮ ವಾದ.

ಕೀಲಿಪದಗಳು: ಪ್ರಸಾರ ಭಾಷೆ, ಉಪಭಾಷೆ, ಸಂದರ್ಭಭೇದ, ದ್ವಿಸ್ತರ ಭಾಷಾಸ್ಥಿತಿ, ಶ್ರೋತೃಲಕ್ಷ್ಯ, ಚಂದನ ವಾಹಿನಿ

1. ಪ್ರಸ್ತಾವನೆ

ಮಾಧ್ಯಮ ಭಾಷೆಯ ಅಧ್ಯಯನಗಳು ಸಾಮಾನ್ಯವಾಗಿ ಒಂದು ಪ್ರಕಾರವನ್ನು ಆರಿಸಿಕೊಳ್ಳುತ್ತವೆ: ವಾರ್ತೆಯ ಭಾಷೆ, ಜಾಹೀರಾತಿನ ಭಾಷೆ, ಕ್ರೀಡಾ ವೀಕ್ಷಕ ವಿವರಣೆಯ ಭಾಷೆ. ಈ ವಿಂಗಡಣೆಯಿಂದ ವಿಶ್ಲೇಷಣೆ ಸುಲಭವಾಗುತ್ತದೆ. ಆದರೆ ದೂರದರ್ಶನವನ್ನು ನೋಡುವವರು ಪ್ರಕಾರಗಳನ್ನು ಹೀಗೆ ಬೇರ್ಪಡಿಸಿ ನೋಡುವುದಿಲ್ಲ. ಅದೇ ಕೋಣೆಯಲ್ಲಿ, ಅದೇ ಪೆಟ್ಟಿಗೆಯಿಂದ, ಒಂದರ ಬೆನ್ನಿಗೆ ಇನ್ನೊಂದರಂತೆ ಹಲವು ಕನ್ನಡಗಳು ಅವರ ಕಿವಿಗೆ ಬೀಳುತ್ತವೆ. ಯಾವ ಕನ್ನಡ ಯಾವ ಹೊತ್ತಿಗೆ ಬರುತ್ತದೆ, ಯಾರ ಬಾಯಿಂದ ಬರುತ್ತದೆ, ತಮ್ಮ ಮನೆಯ ಮಾತು ಆ ಸಾಲಿನಲ್ಲಿ ಎಲ್ಲಿ ಕಾಣಿಸುತ್ತದೆ ಅಥವಾ ಕಾಣಿಸುವುದೇ ಇಲ್ಲ ಎಂಬ ಅನುಭವ ದಿನವಿಡೀ ಕಟ್ಟಿಕೊಳ್ಳುತ್ತದೆ. ಆದ್ದರಿಂದ ದಿನಚರಿಯನ್ನೇ ಘಟಕವಾಗಿ ತೆಗೆದುಕೊಳ್ಳುವುದಕ್ಕೆ ಸೈದ್ಧಾಂತಿಕ ಸಮರ್ಥನೆಯಿದೆ.

ಈ ಪ್ರಶ್ನೆಗೆ ಶಾಸನದ ಆಧಾರವೂ ಇದೆ. 1990ರ ಪ್ರಸಾರ ಭಾರತಿ ಅಧಿನಿಯಮದ 12ನೆಯ ಕಲಮು ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಸಾಕಷ್ಟು ಸ್ಥಾನ ಕೊಡುವುದನ್ನು ಸಂಸ್ಥೆಯ ಉದ್ದೇಶಗಳಲ್ಲಿ ಒಂದಾಗಿ ಹೇಳುತ್ತದೆ. ಕನ್ನಡಕ್ಕೊಂದು ವಾಹಿನಿ ಇದ್ದ ಮಾತ್ರಕ್ಕೆ ಈ ಉದ್ದೇಶ ಪೂರ್ಣವಾಯಿತೇ, ಅಥವಾ ಕನ್ನಡದ ಒಳಗಿನ ಭೇದಗಳಿಗೂ ಅದು ಅನ್ವಯಿಸಬೇಕೇ ಎಂಬುದು ಭಾಷಾವಿಜ್ಞಾನಿಗಳು ಉತ್ತರಿಸಬೇಕಾದ ಪ್ರಶ್ನೆ.

ಲೇಖನದಲ್ಲಿ ಬರುವ ಮಾದರಿ ವಾಕ್ಯಗಳು ವಿವರಣೆಗಾಗಿ ನಾವೇ ರಚಿಸಿಕೊಂಡವು. ನಿರ್ದಿಷ್ಟ ಪ್ರಸಾರದ ಲಿಪ್ಯಂತರಗಳಲ್ಲ.

2. ಬ್ರಿಟನ್ನಿನ ಮಾದರಿ, ಕನ್ನಡದ ದಾರಿ

ಸಾರ್ವಜನಿಕ ಪ್ರಸಾರದ ಭಾಷೆಯ ಚರ್ಚೆ ಬಿಬಿಸಿಯಿಂದ ಆರಂಭವಾಗುವುದು ವಾಡಿಕೆ. 1926ರಲ್ಲಿ ಆ ಸಂಸ್ಥೆ ಆಡುಮಾತಿನ ಇಂಗ್ಲಿಷ್ ಕುರಿತ ಸಲಹಾ ಸಮಿತಿಯೊಂದನ್ನು ನೇಮಿಸಿತು. ಕವಿ ರಾಬರ್ಟ್ ಬ್ರಿಡ್ಜಸ್ ಅದರ ಮೊದಲ ಅಧ್ಯಕ್ಷರು. ಧ್ವನಿವಿಜ್ಞಾನಿ ಆರ್ಥರ್ ಲಾಯ್ಡ್ ಜೇಮ್ಸ್ ಕಾರ್ಯದರ್ಶಿ. ಉದ್ಘೋಷಕರು ಪದಗಳನ್ನೂ ಹೆಸರುಗಳನ್ನೂ ಹೇಗೆ ಉಚ್ಚರಿಸಬೇಕೆಂದು ಈ ಸಮಿತಿ ಸೂಚಿಸುತ್ತಿತ್ತು. 1936ರ ನವೆಂಬರ್ 2ರಂದು ಅಲೆಕ್ಸಾಂಡ್ರಾ ಅರಮನೆಯಿಂದ ಬಿಬಿಸಿಯ ನಿಯತ ದೂರದರ್ಶನ ಪ್ರಸಾರ ಮೊದಲಾದಾಗ ಉದ್ಘೋಷಕರ ಉಚ್ಚಾರಣೆಯ ಮಾದರಿ ಹೀಗೆ ಮೊದಲೇ ಸಿದ್ಧವಾಗಿತ್ತು. 1941ರಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಸೀಮೆಯ ಧ್ವನಿಯಲ್ಲಿ ರಾಷ್ಟ್ರೀಯ ವಾರ್ತೆ ಓದಿದ್ದು ದೊಡ್ಡ ಚರ್ಚೆಗೆ ಕಾರಣವಾಯಿತು. ವಾರ್ತೆಯ ವಿಶ್ವಾಸಾರ್ಹತೆಯನ್ನು ಕೇಳುಗರು ಒಂದು ಉಚ್ಚಾರಣೆಯೊಂದಿಗೆ ಗಂಟುಹಾಕಿಕೊಂಡಿದ್ದರು ಎಂಬುದನ್ನು ಆ ಪ್ರಸಂಗ ತೋರಿಸಿತು.

ಕನ್ನಡದ ದಾರಿ ಬೇರೆ. ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದದ್ದು ಮನರಂಜನೆಯಾಗಿ ಅಲ್ಲ, ಪ್ರಯೋಗವಾಗಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಕನ್ನಡ ದೂರದರ್ಶನದ ಮೊದಲ ಗ್ರಾಮೀಣ ವೀಕ್ಷಕರು ಹೀಗೆ ಮೈಸೂರು ಸೀಮೆಯವರಲ್ಲ, ಉತ್ತರದ ಉಪಭಾಷೆಗಳನ್ನಾಡುವವರು. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರಲ್ಲಿ. ಡಿಡಿ-9 ಎಂಬ ಹೆಸರಿನಲ್ಲಿ 1994ರಲ್ಲಿ ಮೊದಲಾದ ಕನ್ನಡ ವಾಹಿನಿ ಮುಂದೆ ‘ಚಂದನ’ವಾಯಿತು. ನಿರ್ಮಾಣದ ಕೇಂದ್ರ ಬೆಂಗಳೂರಿನಲ್ಲಿ ನೆಲೆಗೊಂಡಂತೆ ಅಲ್ಲಿನ ವಿದ್ಯಾವಂತರ ಆಡುನುಡಿಯೇ ಸ್ಟುಡಿಯೊದ ಸಹಜ ಮಾತಾಯಿತು. ಬಿಬಿಸಿಯ ಸಮಿತಿಯಂತಹ ಬಹಿರಂಗ ನಿಯಮನದ ಬದಲು ಉದ್ಯೋಗ, ವಾಸ ಮತ್ತು ರೂಢಿಗಳ ಮೂಲಕ ಇಲ್ಲಿ ಶಿಷ್ಟತೆ ನೆಲೆಯೂರಿತು.

3. ಸೀಮೆ ಮತ್ತು ಅದರ ನುಡಿ

ಉಚ್ಚಂಗಿದುರ್ಗ ನೊಳಂಬರ ಕಾಲದಿಂದ ಹೆಸರಾದ ಕೋಟೆಬೆಟ್ಟ. ಉಚ್ಚಂಗಿಯ ಪಾಂಡ್ಯರ ಹೆಸರಿನಲ್ಲೇ ಅದು ಸೇರಿಹೋಗಿದೆ. ಬೆಟ್ಟದ ಮೇಲಿನ ಉಚ್ಚಂಗೆಮ್ಮನ ಜಾತ್ರೆಗೆ ಹಲವು ಜಿಲ್ಲೆಗಳ ಭಕ್ತರು ಬರುತ್ತಾರೆ. ಆಡಳಿತದ ಗಡಿಗಳು ಈ ಸೀಮೆಯ ಮೇಲೆ ಹಲವು ಬಾರಿ ಹಾದುಹೋಗಿವೆ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಭಾಗಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆ 1953ರವರೆಗೆ ಮದರಾಸು ಆಡಳಿತದಲ್ಲಿತ್ತು. ಪಕ್ಕದ ದಾವಣಗೆರೆ ಮೈಸೂರು ಸಂಸ್ಥಾನದಲ್ಲಿತ್ತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು.

ಭಾಷಿಕವಾಗಿಯೂ ಇದು ನಡುವಣ ವಲಯ. ಕನ್ನಡ ಉಪಭಾಷೆಗಳ ಸ್ಥೂಲ ವಿಂಗಡಣೆಯಲ್ಲಿ ಮೈಸೂರು, ಧಾರವಾಡ, ಕಲಬುರಗಿ ಮತ್ತು ಮಂಗಳೂರು ಎಂಬ ನಾಲ್ಕು ಕೇಂದ್ರಗಳನ್ನು ಹೇಳುವುದುಂಟು. ಡೆಕ್ಕನ್ ಕಾಲೇಜಿನಿಂದ ಬಂದ ಯು. ಪಿ. ಉಪಾಧ್ಯಾಯರ ನಂಜನಗೂಡು ಕನ್ನಡ, ಆರ್. ಮಹಾದೇವನ್ ಅವರ ಗುಲ್ಬರ್ಗ ಕನ್ನಡದಂತಹ ವರ್ಣನೆಗಳು ಈ ನಕ್ಷೆಯ ಎರಡು ತುದಿಗಳನ್ನು ದಾಖಲಿಸಿದವು. ಉಚ್ಚಂಗಿದುರ್ಗ ಈ ತುದಿಗಳಾವುದಕ್ಕೂ ಪೂರ್ತಿ ಸೇರುವುದಿಲ್ಲ. ಇಲ್ಲಿ ‘ಐತಿ’, ‘ಐತೆ’ ಎರಡೂ ಕೇಳಿಬರುತ್ತವೆ; ‘ಮನಿ’, ‘ಮಳಿ’ಗಳ ಜೊತೆಗೆ ‘ಮನೆ’, ‘ಮಳೆ’ಗಳೂ ಇವೆ; ‘ಮಾಡಾಕತ್ತಾರ’ ಎನ್ನುವವರೂ ‘ಮಾಡ್ತಾ ಅದಾರೆ’ ಎನ್ನುವವರೂ ಒಂದೇ ಸಂತೆಯಲ್ಲಿ ಸಿಗುತ್ತಾರೆ. ಗೌರವಸೂಚಕ ‘ರಿ’ ಉತ್ತರದ ನಂಟನ್ನು ತೋರಿಸಿದರೆ, ದಾವಣಗೆರೆಯೊಡನೆ ನಿತ್ಯದ ವ್ಯಾಪಾರ ಸಂಬಂಧ ದಕ್ಷಿಣದ ರೂಪಗಳನ್ನು ತರುತ್ತದೆ.

ಈ ನುಡಿಗೆ ಸಾಹಿತ್ಯದ ಮನ್ನಣೆ ಇಲ್ಲದಿಲ್ಲ. ಬೀಚಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಗದ್ಯ ಈ ಸೀಮೆಯ ಮಾತಿನ ಲಯವನ್ನು ನಿರೂಪಣೆಯ ಭಾಷೆಯಾಗಿಯೇ ಬಳಸಿಕೊಂಡಿದೆ. ಅವರ ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅಚ್ಚಿನಲ್ಲಿ ಸಾಧ್ಯವಾದ ಈ ಸ್ಥಾನ ಪ್ರಸಾರದಲ್ಲಿ ಎಷ್ಟರಮಟ್ಟಿಗೆ ಸಾಧ್ಯವಾಗಿದೆ ಎಂದು ನೋಡಬೇಕು.

4. ದಿನದ ಅಂಗಗಳು

4.1. ವಾರ್ತೆ. ವಾರ್ತೆಯ ಕನ್ನಡ ಬರೆದದ್ದನ್ನು ಓದುವ ಕನ್ನಡ. ಅದರ ವ್ಯಾಕರಣಕ್ಕೆ ಮೂರು ಗುರುತುಗಳಿವೆ. ಒಂದು, ‘ತಿಳಿಸಿದ್ದಾರೆ’, ‘ಘೋಷಿಸಿದ್ದಾರೆ’ ಎಂಬಂತೆ ಮುಗಿದ ಘಟನೆಯನ್ನು ವರ್ತಮಾನಕ್ಕೆ ಅಂಟಿಸುವ ಕ್ರಿಯಾರೂಪ. ಎರಡು, ‘ಸೂಚಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಕರ್ಮಣಿ ರಚನೆ. ಇದು ಮಾಡಿದವರನ್ನು ವಾಕ್ಯದಿಂದ ಹೊರಗಿಡುತ್ತದೆ. ಮೂರು, ಆಡುನುಡಿಯ ‘ಅಂತ’ದ ಸ್ಥಾನದಲ್ಲಿ ತಪ್ಪದೆ ಬರುವ ‘ಎಂದು’. ಗಾಫ್‌ಮನ್ ತಮ್ಮ 1981ರ ಕೃತಿಯಲ್ಲಿ ಮಾತನಾಡುವವರೊಳಗೆ ಉಚ್ಚರಿಸುವವರು, ಪದಗಳನ್ನು ರಚಿಸಿದವರು, ನಿಲುವಿಗೆ ಹೊಣೆಯಾದವರು ಎಂಬ ಮೂರು ಪಾತ್ರಗಳನ್ನು ಬೇರ್ಪಡಿಸಿದರು. ವಾರ್ತಾವಾಚಕರು ಮೊದಲನೆಯ ಪಾತ್ರವನ್ನಷ್ಟೇ ವಹಿಸುತ್ತಾರೆ. ಮೇಲಿನ ಮೂರೂ ಗುರುತುಗಳು ಈ ದೂರವನ್ನು ಕಾಯ್ದುಕೊಳ್ಳುವ ಸಾಧನಗಳು.

ಊರ ಹೆಸರುಗಳಲ್ಲಿಯೂ ಈ ದೂರ ಕೇಳಿಸುತ್ತದೆ. ವಾರ್ತೆಯಲ್ಲಿ ‘ಹಗರಿಬೊಮ್ಮನಹಳ್ಳಿ’ ಎಂಬ ಹೆಸರಿನ ಪ್ರತಿ ಅಕ್ಷರವೂ ಬರುತ್ತದೆ. ಊರಿನವರ ಬಾಯಲ್ಲಿ ಅದು ‘ಎಚ್‌.ಬಿ. ಹಳ್ಳಿ’, ಹರಪನಹಳ್ಳಿ ‘ಹರ್ಪನಳ್ಳಿ’.

4.2. ಬೆಳಗಿನ ಮಾತುಕತೆ. ‘ಶುಭೋದಯ ಕರ್ನಾಟಕ’ದಂತಹ ಸಂದರ್ಶನಗಳಲ್ಲಿ ಲಿಖಿತ ಪೀಠಿಕೆ ಮುಗಿದೊಡನೆ ಭಾಷೆ ಬದಲಾಗುತ್ತದೆ. ‘ಮಾಡುತ್ತಿದ್ದೀರಿ’ ಎಂಬುದು ‘ಮಾಡ್ತಿದೀರಿ’ ಆಗುತ್ತದೆ; ‘ಅನ್ನು’ ಪ್ರತ್ಯಯ ಉದುರುತ್ತದೆ. ಇದು ಆಡುನುಡಿಯೇ, ಆದರೆ ಬೆಂಗಳೂರು–ಮೈಸೂರಿನ ವಿದ್ಯಾವಂತರ ಆಡುನುಡಿ. ಉಚ್ಚಂಗಿದುರ್ಗದ ವೀಕ್ಷಕರಿಗೆ ಇದು ಅನೌಪಚಾರಿಕವೆನಿಸಿದರೂ ತಮ್ಮದೆನಿಸಬೇಕಾಗಿಲ್ಲ.

4.3. ಪಾಠ. 2020–21ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನದಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ‘ಸಂವೇದ’ ಪಾಠಗಳು ಬಂದವು. ತರಗತಿಯಲ್ಲಿ ಶಿಕ್ಷಕರು ಪುಸ್ತಕದ ವಾಕ್ಯವನ್ನು ಓದಿ, ಕೂಡಲೇ ಅದನ್ನು ಮಕ್ಕಳ ಮಾತಿಗೆ ತಿರುಗಿಸುತ್ತಾರೆ. ಮುಖಗಳನ್ನು ನೋಡಿ ಇನ್ನೊಮ್ಮೆ ತಿರುಗಿಸುತ್ತಾರೆ. ಇಡೀ ರಾಜ್ಯಕ್ಕೆ ಒಂದೇ ಪಾಠವಾದಾಗ ಎರಡನೆಯ ತಿರುಗಿಸುವಿಕೆಗೆ ಅವಕಾಶವಿಲ್ಲ. ಉಪಭಾಷೆಯ ಅಂತರ ಕಲಿಕೆಯ ಅಂತರವಾಗಿ ಬದಲಾಗಬಹುದಾದ ತಾಣ ಇದು. ತರಗತಿಯಲ್ಲಿ ಆಗುವ ಭಾಷಾಂತರ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ಕೊರತೆಯೂ ಲೆಕ್ಕಕ್ಕೆ ಬರುವುದಿಲ್ಲ.

4.4. ಕೃಷಿ. ದೆಹಲಿಯಲ್ಲಿ 1967ರ ಜನವರಿ 26ರಂದು ಆರಂಭವಾದ ‘ಕೃಷಿ ದರ್ಶನ’ದ ಹೆಸರು ಕನ್ನಡದಲ್ಲಿಯೂ ಉಳಿದುಬಂದಿದೆ. ರೈತರು ದೂರವಾಣಿಯ ಮೂಲಕ ತಜ್ಞರನ್ನು ಪ್ರಶ್ನಿಸುವ ನೇರಪ್ರಸಾರದಲ್ಲಿ, ದಿನದ ಬೇರೆಲ್ಲೂ ಸಿಗದ ಒಂದು ಸಂಗತಿ ನಡೆಯುತ್ತದೆ: ಪ್ರಾದೇಶಿಕ ಆಡುನುಡಿ ಬರಹದ ಮಧ್ಯಸ್ಥಿಕೆಯಿಲ್ಲದೆ, ಸ್ವಂತ ಕೆಲಸಕ್ಕಾಗಿ, ಉತ್ತರವನ್ನು ಬೇಡುವ ಹಕ್ಕಿನೊಡನೆ ಪ್ರಸಾರವಾಗುತ್ತದೆ. ಇದನ್ನು 5 ಮತ್ತು 6ನೆಯ ಭಾಗಗಳಲ್ಲಿ ವಿಸ್ತರಿಸುತ್ತೇವೆ.

4.5. ರಸಪ್ರಶ್ನೆ. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ, ಪುಸ್ತಕಗಳನ್ನೇ ಬಹುಮಾನವಾಗಿ ಕೊಡುವ ‘ಥಟ್ ಅಂತ ಹೇಳಿ’ಯ ಹೆಸರೇ ಭಾಷಾವಿಜ್ಞಾನಿಗೆ ಒಂದು ಟಿಪ್ಪಣಿ. ಅನುಕರಣ ಶಬ್ದಕ್ಕೆ ಆಡುನುಡಿಯ ‘ಅಂತ’ ಸೇರಿ ಕ್ರಿಯಾವಿಶೇಷಣವಾಗಿದೆ. ಬರಹದಲ್ಲಿ ಇದು ‘ಥಟ್ಟನೆ’ ಆಗುತ್ತಿತ್ತು. ‘ಶುಭೋದಯ’, ‘ಕೃಷಿ ದರ್ಶನ’ ಎಂಬ ಸಂಸ್ಕೃತ ಸಮಾಸಗಳ ನಡುವೆ ಈ ಹೆಸರು ಮಾತಿನ ಕನ್ನಡವನ್ನು ಶೀರ್ಷಿಕೆಗೆ ಏರಿಸುತ್ತದೆ. ಪ್ರಶ್ನೆಗಳು ಮಾತ್ರ ಲಿಖಿತ ವಾಕ್ಯಗಳಾಗಿಯೇ ಇರಬೇಕಾಗುತ್ತದೆ, ಏಕೆಂದರೆ ಸಂದಿಗ್ಧತೆಗೆ ಅಲ್ಲಿ ಎಡೆಯಿಲ್ಲ.

4.6. ಕಥನ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ಕರಾವಳಿಯ ಹಿನ್ನೆಲೆಯನ್ನು ರಾಜ್ಯದ ಮನೆಮನೆಗೆ ತಲುಪಿಸಿತು. ಪ್ರದೇಶವೊಂದು ಕಥೆಯ ಕೇಂದ್ರವಾದಾಗ ಅದರ ಮಾತಿಗೂ ಗಾಂಭೀರ್ಯ ದೊರೆಯುತ್ತದೆ. ಆದರೆ ಕನ್ನಡದ ತೆರೆಯ ಮೇಲೆ ಉತ್ತರದ ನುಡಿ ಬಹಳ ಸಲ ಹಾಸ್ಯಪಾತ್ರದ ಗುರುತಾಗಿ ಬಂದಿದೆ. ಅಲ್ಲಿ ಉಪಭಾಷೆ ಅರ್ಥವನ್ನು ಹೊರುವುದಿಲ್ಲ, ಪಾತ್ರದ ಸ್ಥಾನಮಾನವನ್ನು ಸೂಚಿಸುತ್ತದೆ.

5. ಒಂದು ಏಣಿಯಲ್ಲ, ಎರಡು ಅಕ್ಷಗಳು

ಫರ್ಗುಸನ್ ಅವರ 1959ರ ಲೇಖನದ ನಂತರ ಇಂತಹ ಸ್ಥಿತಿಯನ್ನು ಡೈಗ್ಲಾಸಿಯ ಅಥವಾ ದ್ವಿಸ್ತರ ಭಾಷಾಸ್ಥಿತಿ ಎಂದು ಕರೆಯುವುದು ರೂಢಿ: ಮೇಲೆ ಗ್ರಾಂಥಿಕ, ಕೆಳಗೆ ಆಡುನುಡಿ. ದಿನಚರಿಯ ಸಾಮಗ್ರಿ ಈ ಚೌಕಟ್ಟಿನಲ್ಲಿ ಹಿಡಿಯುವುದಿಲ್ಲ. ಹ್ಯಾಲಿಡೆ ಮತ್ತು ಸಂಗಡಿಗರು 1964ರಲ್ಲಿ ಮಾಡಿದ ವಿಂಗಡಣೆ, ಅಂದರೆ ಬಳಸುವವರಿಗೆ ತಕ್ಕ ಭೇದವಾದ ಉಪಭಾಷೆ ಮತ್ತು ಬಳಕೆಗೆ ತಕ್ಕ ಭೇದವಾದ ಸಂದರ್ಭಭೇದ, ಇಲ್ಲಿ ಹೆಚ್ಚು ಉಪಯುಕ್ತ. ಒಂದೇ ವಿಷಯದ ನಾಲ್ಕು ರೂಪಗಳನ್ನು ನೋಡೋಣ:

(1) ಮಳೆಯು ತಡವಾಗಿರುವುದರಿಂದ ರೈತರು ಬಿತ್ತನೆ ಕಾರ್ಯವನ್ನು ಮುಂದೂಡಿದ್ದಾರೆ.
(2) ಮಳೆ ತಡವಾಗಿರೋದ್ರಿಂದ ರೈತರು ಬಿತ್ತನೆ ಮುಂದಕ್ಕೆ ಹಾಕಿದಾರೆ.
(3) ಮಳಿ ತಡಾ ಆಗೈತ್ರಿ, ಅದಕ್ಕ ಬಿತ್ತಾದು ನಿಲ್ಸೀವ್ರಿ.
(4) ಮಳೆ ತಡ ಆಗಿದೆ ಸರ್, ಅದಕ್ಕೆ ಬಿತ್ತೋದು ನಿಲ್ಸಿದೀವಿ ಸರ್.

(1) ವಾರ್ತೆಯ ವಾಕ್ಯ. ಪ್ರಥಮಾ ವಿಭಕ್ತಿಯ ‘ಉ’, ದ್ವಿತೀಯೆಯ ‘ಅನ್ನು’, ಅರ್ಥಕ್ಕೇನೂ ಸೇರಿಸದ ‘ಕಾರ್ಯ’ ಎಲ್ಲವೂ ಇವೆ. (2) ನಿರೂಪಕರ ಮಾತು. ಸ್ವರಗಳು ಕುಗ್ಗಿವೆ, ಪ್ರತ್ಯಯಗಳು ಉದುರಿವೆ, ಆದರೆ ಕಾರಣವನ್ನು ನಾಮರೂಪದೊಳಗೆ ಅಡಕಗೊಳಿಸುವ ‘ಇರೋದ್ರಿಂದ’ ರಚನೆ ಬರಹದಿಂದ ಉಳಿದುಬಂದಿದೆ. (3) ಸೀಮೆಯ ರೈತರ ಮಾತು. ‘ಎ’ಕಾರ ‘ಇ’ಕಾರವಾಗಿದೆ, ಗೌರವ ‘ರಿ’ಯಲ್ಲಿದೆ, ಕಾರಣ ಮತ್ತು ಕಾರ್ಯ ಎರಡು ಸ್ವತಂತ್ರ ವಾಕ್ಯಗಳಾಗಿ ‘ಅದಕ್ಕ’ದಿಂದ ಕೂಡಿಕೊಂಡಿವೆ. (4) ಅದೇ ರೈತರು ಪ್ರಸಾರದಲ್ಲಿ ಮಾತನಾಡುತ್ತಿದ್ದೇನೆಂಬ ಎಚ್ಚರದಿಂದ ಆಡುವ ಮಾತು.

(3)ರಿಂದ (4)ಕ್ಕೆ ಬರುವಾಗ ಬದಲಾದದ್ದು ಧ್ವನಿ, ಕ್ರಿಯಾರೂಪ ಮತ್ತು ಗೌರವಸೂಚಕ. ವಾಕ್ಯಗಳನ್ನು ಜೋಡಿಸುವ ಕ್ರಮ ಬದಲಾಗಲಿಲ್ಲ. ಅಂದರೆ ಮಾತುಗಾರರು ಪ್ರಾದೇಶಿಕ ಅಕ್ಷದ ಮೇಲೆ ಸರಿದರು, ಲಿಖಿತ–ಮೌಖಿಕ ಅಕ್ಷದ ಮೇಲೆ ಇದ್ದಲ್ಲಿಯೇ ಉಳಿದರು. (2)ರ ನಿರೂಪಕರದು ಇದರ ವಿಲೋಮ: (1)ರಿಂದ ಕೆಳಗಿಳಿದಿದ್ದಾರೆ, ಪ್ರದೇಶದತ್ತ ಸರಿದಿಲ್ಲ. ಎರಡು ಚಲನೆಗಳು ಸ್ವತಂತ್ರವಾದ್ದರಿಂದಲೇ ನಿರೂಪಕರು ‘ಸರಳವಾಗಿ ಮಾತನಾಡುತ್ತಿದ್ದೇನೆ’ ಎಂದುಕೊಂಡಾಗಲೂ ಕರೆ ಮಾಡಿದವರಿಗೆ ಅಂತರ ಉಳಿದೇ ಇರುತ್ತದೆ.

ಇನ್ನೂ ಮುಖ್ಯವಾದದ್ದು ಪುರುಷದ ಬದಲಾವಣೆ. (1), (2)ರಲ್ಲಿ ‘ರೈತರು’ ಪ್ರಥಮಪುರುಷ. (3), (4)ರಲ್ಲಿ ಕ್ರಿಯಾಪದವೇ ‘ನಾವು’ ಎನ್ನುತ್ತದೆ. ದಿನದ ಉಳಿದ ಅಂಗಗಳಲ್ಲಿ ಯಾರ ಕುರಿತು ಮಾತನಾಡಲಾಗುತ್ತದೆಯೋ ಅವರೇ ಇಲ್ಲಿ ವಾಕ್ಯದ ಕರ್ತೃಸ್ಥಾನಕ್ಕೆ ಬರುತ್ತಾರೆ. ಈ ಬದಲಾವಣೆಯನ್ನು ‘ಉಪಭಾಷೆಯ ಬಳಕೆ’ ಎಂಬ ಶೀರ್ಷಿಕೆಯಡಿ ಸೇರಿಸಿದರೆ ಅದರ ತಿರುಳು ತಪ್ಪಿಹೋಗುತ್ತದೆ.

ಅಲನ್ ಬೆಲ್ 1984ರಲ್ಲಿ ಮಂಡಿಸಿದ ಶ್ರೋತೃಲಕ್ಷ್ಯ ಸಿದ್ಧಾಂತ ನ್ಯೂಜಿಲೆಂಡಿನ ರೇಡಿಯೊ ವಾರ್ತೆಗಳಿಂದ ಹುಟ್ಟಿತು. ಒಂದೇ ಸ್ಟುಡಿಯೊದಿಂದ ಎರಡು ಕೇಂದ್ರಗಳಿಗೆ ಓದುತ್ತಿದ್ದ ವಾಚಕರು ಕೇಳುಗರಿಗೆ ತಕ್ಕಂತೆ ಉಚ್ಚಾರಣೆ ಬದಲಿಸುತ್ತಿದ್ದರು. ಕರೆ ಕಾರ್ಯಕ್ರಮದಲ್ಲಿ ಕೇಳುಗರು ಎರಡು ಪದರಗಳಲ್ಲಿದ್ದಾರೆ: ತಜ್ಞರ ಎದುರಿಗೆ ಒಬ್ಬ ರೈತ, ಅವರ ಹಿಂದೆ ಇಡೀ ರಾಜ್ಯ. ತಜ್ಞರು ‘ರಿ’ ಬಳಸಿ ರೈತರತ್ತ ಸರಿಯುತ್ತಾರೋ, ರೈತರೇ ‘ಸರ್’ ಎಂದು ಸ್ಟುಡಿಯೊದತ್ತ ಸರಿಯುತ್ತಾರೋ ಎಂಬುದನ್ನು ಎಣಿಸಿ ನೋಡಬಹುದು. ಹೊಂದಿಕೊಳ್ಳುವ ಹೊರೆ ಯಾರ ಮೇಲಿದೆ ಎಂಬುದಕ್ಕೆ ಈ ಎಣಿಕೆಯೇ ಪುರಾವೆ.

6. ಪದ ತಪ್ಪಿದರೆ ಬೆಳೆ ತಪ್ಪುತ್ತದೆ

ವ್ಯಾಕರಣದ ಅಂತರವನ್ನು ಕಿವಿ ಸರಿದೂಗಿಸಿಕೊಳ್ಳಬಲ್ಲದು. ಪದದ ಅಂತರ ಹಾಗಲ್ಲ. ಹರಪನಹಳ್ಳಿ ಸೀಮೆಯ ಮುಖ್ಯ ಬೆಳೆಯೊಂದನ್ನು ಇಲ್ಲಿ ಮೆಕ್ಕೆಜೋಳ ಎನ್ನುತ್ತಾರೆ. ಹಾವೇರಿ–ಧಾರವಾಡದಲ್ಲಿ ಅದು ಗೋವಿನಜೋಳ, ಮೈಸೂರು–ಹಾಸನದ ಕಡೆ ಮುಸುಕಿನಜೋಳ. ಇಲ್ಲಿನ ಶೇಂಗಾ ಬೆಂಗಳೂರಿನ ಕಡಲೆಕಾಯಿ. ರಾಜ್ಯಕ್ಕೆಲ್ಲ ಒಂದೇ ಸಲಹೆ ಕೊಡುವಾಗ ಯಾವ ಹೆಸರನ್ನು ಮೊದಲು ಹೇಳಬೇಕೆಂಬುದು ಶೈಲಿಯ ಆಯ್ಕೆಯಲ್ಲ, ಸಲಹೆ ಯಾರಿಗೆ ತಲುಪಬೇಕೆಂಬ ನಿರ್ಧಾರ.

ಹೊಸ ಪಿಡುಗು ಬಂದಾಗ ಈ ಪ್ರಶ್ನೆ ತೀವ್ರವಾಗುತ್ತದೆ. ಅಮೆರಿಕ ಮೂಲದ ಒಂದು ಪತಂಗದ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರಲ್ಲಿ, ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ. ಅದಕ್ಕೆ ಯಾವ ಉಪಭಾಷೆಯಲ್ಲಿಯೂ ಸ್ವಂತ ಹೆಸರಿರಲಿಲ್ಲ. ಇಂಗ್ಲಿಷಿನಿಂದ ‘ಫಾಲ್ ಸೈನಿಕ ಹುಳು’ ಎಂಬ ಅರ್ಧಾನುವಾದ ಹುಟ್ಟಿತು. ಜೊತೆಗೆ ‘ಲದ್ದಿ ಹುಳು’ ಎಂಬುದೂ ಬಳಕೆಗೆ ಬಂತು. ಮೊದಲನೆಯದರಲ್ಲಿ ‘ಫಾಲ್’ ಎಂಬುದು ಶರತ್ಕಾಲವನ್ನು ಸೂಚಿಸುತ್ತದೆ. ಆ ಋತುಸೂಚನೆಗೆ ಇಲ್ಲಿನ ಮುಂಗಾರು ಬೆಳೆಯಲ್ಲಿ ಅರ್ಥವಿಲ್ಲ. ಎರಡನೆಯದು ಹೊಲದಲ್ಲಿ ಕಾಣುವ ಗುರುತನ್ನೇ ಹೆಸರಾಗಿಸುತ್ತದೆ: ಸುಳಿಯೊಳಗೆ ಹುಳು ಬಿಟ್ಟ ಲದ್ದಿ. ಹೆಸರೇ ರೋಗಲಕ್ಷಣವನ್ನು ಕಲಿಸುವ ಈ ಬಗೆಯ ಪದರಚನೆ ರೈತರ ನುಡಿಯಲ್ಲಿ ಹಳೆಯದು. ಪ್ರಸಾರ ಭಾಷೆ ಅದರಿಂದ ಪದಗಳನ್ನು ಮಾತ್ರವಲ್ಲ, ಪದ ಕಟ್ಟುವ ಕ್ರಮವನ್ನೂ ಪಡೆಯಬಹುದು.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಇದೇ ಸೀಮೆಯಲ್ಲಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವನ್ನು ಸುದ್ದಿಮಾಧ್ಯಮಗಳು ವರದಿ ಮಾಡುವಾಗ ಆಡಿದ ನುಡಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ, ನಂತರವಷ್ಟೇ ಶಿಷ್ಟ ಕನ್ನಡದಲ್ಲಿ ವ್ಯಾಖ್ಯಾನ ಕೊಡುತ್ತವೆ. ಅಲ್ಲಿ ಅರ್ಥ ಪದಗಳಲ್ಲಿಯೇ ಇದೆ ಎಂಬ ನಂಬಿಕೆ ಇರುವುದರಿಂದ ಸೀಮೆಯ ನುಡಿಯನ್ನು ತಿದ್ದಲು ಯಾರೂ ಹೋಗುವುದಿಲ್ಲ. ದೈವವಾಣಿಗೆ ಸಲ್ಲುವ ಈ ಎಚ್ಚರ ರೈತರ ಪ್ರಶ್ನೆಗೂ ಸಲ್ಲಬಹುದೆಂದು ನಾವು ಭಾವಿಸುತ್ತೇವೆ.

7. ಅಧ್ಯಯನದ ದಾರಿ

ಸಂಶೋಧನಾ ವಿದ್ಯಾರ್ಥಿಗಳು ಈ ಚೌಕಟ್ಟನ್ನು ಪರೀಕ್ಷಿಸಲು ಒಂದು ಪೂರ್ಣ ದಿನದ ಪ್ರಸಾರವನ್ನು ಧ್ವನಿಮುದ್ರಿಸಿಕೊಂಡರೆ ಸಾಕು. ಘಟಕ ಕಾರ್ಯಕ್ರಮವಾಗಿರದೆ ಮಾತಿನ ಸರದಿಯಾಗಿರಬೇಕು. ಪ್ರತಿ ಸರದಿಗೂ ಐದು ಅಂಶಗಳನ್ನು ಗುರುತಿಸಬಹುದು: ಮಾತು ಲಿಖಿತವೋ ಆಶುವೋ, ‘ಎಂದು’ ಅಥವಾ ‘ಅಂತ’, ಇರುವಿಕೆಯ ಕ್ರಿಯಾಪದ ‘ಇದೆ’, ‘ಐತೆ’, ‘ಐತಿ’, ‘ಅದ’ಗಳಲ್ಲಿ ಯಾವುದು, ಕಾರಣ–ಕಾರ್ಯಗಳ ಜೋಡಣೆ ಒಳಗೊಳ್ಳುವಿಕೆಯಿಂದಲೋ ಸಾಲುಗಟ್ಟುವಿಕೆಯಿಂದಲೋ, ಕರ್ತೃವಿನ ಪುರುಷ ಯಾವುದು. ಎರಡನೆಯ ಮತ್ತು ನಾಲ್ಕನೆಯ ಅಂಶಗಳು ಬಳಕೆಯ ಅಕ್ಷವನ್ನೂ, ಮೂರನೆಯದು ಪ್ರಾದೇಶಿಕ ಅಕ್ಷವನ್ನೂ ಅಳೆಯುತ್ತವೆ. ನಮ್ಮ ವಾದ ಸರಿಯಾದರೆ ಕರೆ ಮಾಡಿದವರ ಮಾತಿನಲ್ಲಿ ಮೂರನೆಯ ಅಂಶ ಸಂಭಾಷಣೆ ಮುಂದುವರಿದಂತೆ ಬದಲಾಗಬೇಕು, ನಾಲ್ಕನೆಯದು ಸ್ಥಿರವಾಗಿರಬೇಕು. ಎರಡೂ ಒಟ್ಟಿಗೆ ಬದಲಾದರೆ ಒಂದೇ ಏಣಿಯ ಹಳೆಯ ಮಾದರಿಗೆ ಮರಳಬೇಕಾಗುತ್ತದೆ.

ಕರೆ ಮಾಡಿದವರು ಹೆಸರು ಮತ್ತು ಊರನ್ನು ಪ್ರಸಾರದಲ್ಲಿ ಹೇಳಿರುತ್ತಾರೆ. ಸಂಶೋಧನೆಯ ಲಿಪ್ಯಂತರದಲ್ಲಿ ಹೆಸರನ್ನು ತೆಗೆದು ತಾಲ್ಲೂಕನ್ನಷ್ಟೇ ಉಳಿಸಿಕೊಳ್ಳುವುದು ಯೋಗ್ಯ. ಲಿಪ್ಯಂತರದಲ್ಲಿ ‘ಆಗೈತ್ರಿ’ಯನ್ನು ‘ಆಗಿದೆ’ ಎಂದು ತಿದ್ದುವ ಅಭ್ಯಾಸವನ್ನು ಬಿಡಬೇಕೆಂಬುದನ್ನು ಹೇಳಲೇಬೇಕು. ಧ್ವನಿಯಿಂದ ಪಠ್ಯಕ್ಕೆ ತಿರುಗಿಸುವ ಯಂತ್ರಗಳು ಮುಂದೆ ಈ ಬಗೆಯ ಸಾಮಗ್ರಿಯಿಂದಲೇ ಕನ್ನಡವನ್ನು ಕಲಿಯುತ್ತವೆ. ತಿದ್ದಿದ ಲಿಪ್ಯಂತರದಿಂದ ಕಲಿತ ಯಂತ್ರಕ್ಕೆ ಉಚ್ಚಂಗಿದುರ್ಗದ ರೈತರ ಮಾತು ತಪ್ಪಾಗಿ ಕೇಳಿಸುತ್ತದೆ.

8. ಉಪಸಂಹಾರ

ವಾರ್ತೆಯನ್ನು ಇಂತಿಂತಹ ಉಪಭಾಷೆಯಲ್ಲಿ ಓದಬೇಕೆಂಬ ಬೇಡಿಕೆಯನ್ನು ನಾವು ಮುಂದಿಡುತ್ತಿಲ್ಲ. ಎಲ್ಲ ಸೀಮೆಗಳಿಗೂ ಸಮಾನ ದೂರದಲ್ಲಿರುವ ಒಂದು ಗ್ರಾಂಥಿಕ ರೂಪಕ್ಕೆ ತನ್ನದೇ ನ್ಯಾಯವಿದೆ; ಅದು ಯಾರ ಮನೆಮಾತೂ ಅಲ್ಲದಿರುವುದೇ ಅದರ ಬಲ. ಪ್ರಶ್ನೆ ಇರುವುದು ವಾರ್ತೆಯ ನಂತರದ ಹೊತ್ತುಗಳ ಬಗ್ಗೆ. ಗ್ರಾಂಥಿಕದಿಂದ ಇಳಿದ ಮಾತು ಪ್ರತಿಸಲವೂ ಒಂದೇ ನಗರದ ಮಾತಿನಲ್ಲಿ ಬಂದು ನಿಂತರೆ, ಉಳಿದ ಕನ್ನಡಗಳು ಹೊಲದ ಪ್ರಶ್ನೆಗೂ ನಗೆಹನಿಗೂ ಮೀಸಲಾಗುತ್ತವೆ. ಮಧ್ಯಾಹ್ನದ ಆರೋಗ್ಯ ಸಲಹೆಯನ್ನು, ಮಕ್ಕಳ ಪಾಠದ ಪುನರಾವರ್ತನೆಯನ್ನು, ಕಾನೂನು ಮಾಹಿತಿಯನ್ನು ಕೊಟ್ಟೂರು ಅಥವಾ ಹಡಗಲಿಯ ಮಾತಿನಲ್ಲಿ ಕೊಡುವುದಕ್ಕೆ ವ್ಯಾಕರಣದ ಅಡ್ಡಿಯೇನೂ ಇಲ್ಲ. ದಿನಚರಿಯನ್ನು ಅಳೆಯುವ ಅಧ್ಯಯನಗಳು ಬಂದಾಗ ಈ ಚರ್ಚೆ ಅಭಿಪ್ರಾಯದಿ೦ದ ಪುರಾವೆಯ ಕಡೆಗೆ ಸಾಗುತ್ತದೆ.